ಮನೆವಾರ್ತೆ: ಬಾಡಿಗೆಯ ಲೆಕ್ಕ



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ಹಿರಿಯರು "ಬಾಡಿಗೆಗೆ ಕೊಟ್ಟು ನೋಡು" ಎಂದೂ ಸೇರಿಸಬೇಕಿತ್ತು. ನಿಮ್ಮಲ್ಲಿ ಅನೇಕರು ನೌಕರಿ ಹಿಡಿದು ನಾಲ್ಕಾರು ವರ್ಷವಾಯಿತು. ತಳೇಗಾಂವದಲ್ಲೊಂದು ಫ್ಲ್ಯಾಟ್ ಕೊಂಡರೆ ಸಾಲದ ಕಂತನ್ನು ಬಾಡಿಗೆಯೇ ತೀರಿಸುತ್ತದೆ ಎಂಬ ಮಾತು ಯುಗಾದಿಯ ಊಟದ ಪಂಕ್ತಿಯಲ್ಲೂ ಕೇಳಿಬರುತ್ತದೆ. ತೀರಿಸುತ್ತದೆಯೇ? ಕಾಗದ, ಪೆನ್ಸಿಲು ತೆಗೆದುಕೊಳ್ಳಿ.

ಫ್ಲ್ಯಾಟಿಗೆ 40 ಲಕ್ಷ, ಬಾಡಿಗೆ ತಿಂಗಳಿಗೆ 12,000 ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1,44,000. ಒಂದು ತಿಂಗಳು ಮನೆ ಖಾಲಿ ಬಿದ್ದಿತೆನ್ನಿ. ಸೊಸೈಟಿಯ ಮೇಂಟೆನನ್ಸ್, ನಗರ ಪರಿಷತ್ತಿನ ತೆರಿಗೆ, ಸುಣ್ಣ-ಬಣ್ಣ, ನಲ್ಲಿ ರಿಪೇರಿ ಎಲ್ಲ ಕಳೆದರೆ ಕೈಯಲ್ಲುಳಿಯುವುದು ಒಂದು ಲಕ್ಷದ ಆಸುಪಾಸು. ಅಂದರೆ ಶೇಕಡಾ ಎರಡೂವರೆ! 30 ಲಕ್ಷ ಸಾಲವನ್ನು ಎಂಟೂವರೆ ಬಡ್ಡಿಯಲ್ಲಿ 20 ವರ್ಷಕ್ಕೆ ತೆಗೆದರೆ ಕಂತು ತಿಂಗಳಿಗೆ ಸುಮಾರು 26,000. ವರ್ಷಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ನಿಮ್ಮ ಸಂಬಳದಿಂದಲೇ ಹೋಗಬೇಕು. ಮುಂದೆ ಬೆಲೆ ಏರುತ್ತದೆ ಎನ್ನುವಿರಿ. ಏರಬಹುದು, ಆದರೆ ಅದರಿಂದ ಈ ತಿಂಗಳ ಕಂತು ಕಟ್ಟಲಾಗದು.

ಇಷ್ಟಾದರೂ ಕೊಳ್ಳುವುದೇ ಎಂದಿದ್ದರೆ ಖರ್ಚು ತಗ್ಗಿಸುವ ದಾರಿಗಳಿವೆ. ಮಹಾರಾಷ್ಟ್ರದಲ್ಲಿ 2021ರಿಂದ ವಾಸದ ಮನೆಯನ್ನು ಹೆಂಗಸರ ಹೆಸರಿನಲ್ಲಿ ಮಾತ್ರ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 1 ರಿಯಾಯಿತಿ. ನಮ್ಮ ಲೆಕ್ಕದಲ್ಲಿ 40,000 ಉಳಿತಾಯ. ಹೀಗೆಂದರೆ ಕೆಲವು ಹುಡುಗರ ಮುಖ ಸಣ್ಣದಾಗುತ್ತದೆ, ಆಗಲಿ ಬಿಡಿ. ಹುಡುಗಿಯರೆ, ನಿಮ್ಮ ದುಡ್ಡಿನ ಮನೆ ನಿಮ್ಮ ಹೆಸರಿನಲ್ಲೇ ಇರಲಿ.

ಕರಾರುಪತ್ರದಲ್ಲಿ ಮಾತ್ರ ಜಿಪುಣತನ ಬೇಡ. ಊರ ಕಡೆ 11 ತಿಂಗಳ ಕರಾರು ಬರೆದು ನೋಂದಣಿ ತಪ್ಪಿಸುವ ರೂಢಿಯುಂಟು. ಇಲ್ಲಿ ಅದು ನಡೆಯದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಅವಧಿ ಎಷ್ಟೇ ಇರಲಿ, ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ಹೊಣೆ ಮನೆಯ ಮಾಲೀಕರದು. ನೋಂದಣಿ ಇಲ್ಲದೆ ತಕರಾರು ಎದ್ದರೆ, ಬೇರೆ ಪುರಾವೆ ಇಲ್ಲದಿದ್ದಾಗ, ಬಾಡಿಗೆದಾರ ಹೇಳಿದ ಷರತ್ತೇ ನಿಲ್ಲುತ್ತದೆ. ನೋಂದಾಯಿಸಿದ ಲೀವ್ ಅಂಡ್ ಲೈಸೆನ್ಸ್ ಕರಾರು ಇದ್ದರೆ, ಅವಧಿ ಮುಗಿದರೂ ಬಿಡದವರು ಎರಡು ಪಟ್ಟು ತೆರಬೇಕಾಗುತ್ತದೆ. ಖರ್ಚೂ ಹೆಚ್ಚಿಲ್ಲ. ಬಾಡಿಗೆಯ ಮೊತ್ತದ ಮೇಲೆ ಶೇಕಡಾ ಕಾಲು ಶುಲ್ಕ, ಜೊತೆಗೆ ನೋಂದಣಿ ಫೀ. ನಮ್ಮ 12,000ದ ಮನೆಗೆ ಸರಕಾರಕ್ಕೆ ಕಟ್ಟುವುದು ಎರಡು ಸಾವಿರದೊಳಗೇ ಮುಗಿಯುತ್ತದೆ. ಆಧಾರ್ ಇದ್ದರೆ ಕಂಪ್ಯೂಟರಿನಲ್ಲೇ ಮಾಡಬಹುದು. ಏಜಂಟರು ಇದಕ್ಕೆ ಎಷ್ಟು ಕೇಳುತ್ತಾರೆಂದು ಒಮ್ಮೆ ವಿಚಾರಿಸಿ ನೋಡಿ.

ಇನ್ನೊಂದು ಸೋರಿಕೆ, ಸೊಸೈಟಿಯದು. ಮಾಲೀಕರು ತಾವಿರದೆ ಬಾಡಿಗೆಗೆ ಕೊಟ್ಟರೆ "ನಾನ್ ಆಕ್ಯುಪೆನ್ಸಿ" ಎಂದು ಹೆಚ್ಚು ವಸೂಲಿ ಮಾಡುತ್ತಾರೆ. ನನ್ನ ಗೆಳತಿಯೊಬ್ಬಳಿಂದ ಮೇಂಟೆನನ್ಸಿನ ಅರ್ಧದಷ್ಟು ಕೇಳಿದ್ದರು. ಸರಕಾರದ 2001ರ ಆದೇಶದಂತೆ ಸಹಕಾರಿ ಸೊಸೈಟಿಗಳು ಸೇವಾ ಶುಲ್ಕದ ಶೇಕಡಾ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಗೆಳತಿ ಅರ್ಜಿಯೊಡನೆ ಆದೇಶದ ಪ್ರತಿಯನ್ನೂ ಕೊಟ್ಟಳು. ಮುಂದಿನ ಬಿಲ್ಲು ತಾನಾಗಿ ಇಳಿಯಿತು.

ಬಾಡಿಗೆದಾರರೆಲ್ಲ ಒಂದೇ ಕಾರ್ಖಾನೆಯವರು ಎಂಬಂಥ ಓಣಿಯನ್ನು ಆರಿಸಬೇಡಿ. ಇಲ್ಲಿಯ ಜನರಲ್ ಮೋಟರ್ಸ್ ಕಾರ್ಖಾನೆ 2020ರ ಕೊನೆಗೆ ಕಾರು ತಯಾರಿಕೆ ನಿಲ್ಲಿಸಿತು. ಅದನ್ನು ಕೊಳ್ಳಲು ಹ್ಯುಂಡೈ ಒಪ್ಪಂದ ಮಾಡಿಕೊಂಡದ್ದು 2023ರಲ್ಲಿ. ಬ್ಯಾಂಕು ಅಷ್ಟು ದಿನ ಕಂತಿಗೆ ಕಾಯುವುದಿಲ್ಲ.

40 ಲಕ್ಷ ಇಲ್ಲದವರು ಏನು ಮಾಡಬೇಕು? ಟಿಳಕರ ಕಾಲದಲ್ಲಿ ಜನರಿಂದ ಪೈಸೆ ಪೈಸೆ ಕೂಡಿಸಿದ ಪೈಸಾ ಫಂಡಿನಿಂದ 1908ರಲ್ಲಿ ಇದೇ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಎದ್ದಿತು. ಅದು ಲಾಭಕ್ಕಾಗಿ ಅಲ್ಲ, ಸ್ವದೇಶಿಗಾಗಿ. ಆದರೆ ಹಲವರು ಕೂಡಿ ದೊಡ್ಡದನ್ನು ಮಾಡುವ ಉಪಾಯ ಹಳೆಯದೇ. ಈಗ ಆಫೀಸು ಕಟ್ಟಡಗಳ ಬಾಡಿಗೆಯಲ್ಲಿ ಪಾಲು ಕೊಡುವ "ರೀಟ್" ಎಂಬ ಟ್ರಸ್ಟುಗಳಿವೆ. ದೇಶದ ಮೊದಲನೆಯದು, ಬೆಂಗಳೂರಿನ ಎಂಬಸಿಯದು, 2019ರಲ್ಲಿ ಶೇರುಪೇಟೆಗೆ ಬಂತು. 2021ರಿಂದ ಒಂದೇ ಯೂನಿಟ್ಟನ್ನೂ ಕೊಳ್ಳಬಹುದು. ಹಂಚಲು ಬರುವ ಹಣದಲ್ಲಿ ಶೇಕಡಾ 90ರಷ್ಟನ್ನಾದರೂ ಅವರು ಹಂಚಲೇಬೇಕು. ಶೇರಿನಂತೆ ಇದರ ಬೆಲೆಯೂ ಏರುತ್ತದೆ, ಇಳಿಯುತ್ತದೆ. ನಲ್ಲಿ ಸೋರುತ್ತಿದೆಯೆಂದು ರಾತ್ರಿ ಹನ್ನೊಂದಕ್ಕೆ ಫೋನು ಮಾತ್ರ ಬರುವುದಿಲ್ಲ.