ಚನ್ನಪಟ್ಟಣದ ಹೊಣೆಪತ್ರ: ಹೈದರನ ಉದಯವನ್ನು ಕುರಿತು

ಹೈದರ್ ಅಲಿಯನ್ನು ಕುರಿತ ನಮ್ಮ ಬರವಣಿಗೆ ಬಹುಕಾಲದಿಂದ ಎರಡು ಪದಗಳ ನಡುವೆ ತೂಗಾಡುತ್ತಿದೆ: ಒಬ್ಬರಿಗೆ ಆತ ಸ್ವಾಮಿದ್ರೋಹಿ, ಇನ್ನೊಬ್ಬರಿಗೆ ಮಹಾವೀರ. ಈ ಎರಡೂ ಪದಗಳು ಆತನ ಗುಣವನ್ನು ತೂಗುತ್ತವೆಯೇ ಹೊರತು ಆತ ಮೇಲೇರಿದ ಬಗೆಯನ್ನು ವಿವರಿಸುವುದಿಲ್ಲ. ಅದನ್ನು ಅರಿಯಬೇಕಾದರೆ ಶ್ರೀರಂಗಪಟ್ಟಣದ ಅರಮನೆಗಿಂತ ಮೊದಲು ಚನ್ನಪಟ್ಟಣದ ಕಡೆಗೆ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಈ ಸೀಮೆಗೆ ದಳವಾಯಿಗಳ ಬಲ ಹೊಸದಾಗಿರಲಿಲ್ಲ. 1728ರಲ್ಲಿ ಮೈಸೂರಿನ ಸೇನೆ ಮಾಗಡಿಯನ್ನೂ ಸಾವನದುರ್ಗವನ್ನೂ ವಶಪಡಿಸಿಕೊಂಡು ಕೆಂಪೇಗೌಡರ ವಂಶದ ಆಳ್ವಿಕೆಗೆ ಅಂತ್ಯ ಹಾಡಿತು. ಇಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ (1734–1766) ಅರಸುತನ ಹೆಸರಿಗೆ ಮಾತ್ರ ಉಳಿದು, ಅಧಿಕಾರವೆಲ್ಲ ಕಳಲೆಯ ಸೋದರರಾದ ದೇವರಾಜಯ್ಯ, ನಂಜರಾಜಯ್ಯರ ಕೈ ಸೇರಿತ್ತು. ಹೈದರನು ಅರಸನಿಂದ ರಾಜ್ಯವನ್ನು ಕಸಿದನೆಂಬ ಮಾತು ಅರ್ಧಸತ್ಯ. ಕಸಿಯಲ್ಪಟ್ಟಿದ್ದನ್ನೇ ಆತ ಮತ್ತೆ ಕಸಿದನು.

ತಿರುಚಿರಾಪಳ್ಳಿಯ ನಿಷ್ಫಲ ದಂಡಯಾತ್ರೆ ಬೊಕ್ಕಸವನ್ನು ಬರಿದು ಮಾಡಿತ್ತು. ಸಂಬಳವಿಲ್ಲದೆ 1758ರಲ್ಲಿ ಸೈನಿಕರು ದಂಗೆಯೆದ್ದರು. ದಿಂಡಿಗಲ್ಲಿನ ಫೌಜುದಾರನಾಗಿದ್ದ ಹೈದರನು ಬಂದು ಬಾಕಿಯನ್ನು ತೀರಿಸಿದನು. ಅನಂತರ ಗೋಪಾಲರಾವ್ ಹರಿಯ ನೇತೃತ್ವದ ಮರಾಠಾ ಸೇನೆ ಬೆಂಗಳೂರಿಗೆ ಮುತ್ತಿಗೆ ಹಾಕಿ ಚನ್ನಪಟ್ಟಣವನ್ನು ಹಿಡಿಯಿತು. ಚನ್ನಪಟ್ಟಣ ಕೈತಪ್ಪಿದರೆ ರಾಜಧಾನಿಗೂ ಬೆಂಗಳೂರಿಗೂ ನಡುವಿನ ದಾರಿಯೇ ಮುಚ್ಚಿದಂತೆ. ವಿಲ್ಕ್ಸನ ಇತಿಹಾಸದ ಪ್ರಕಾರ, ಹೈದರನ ಕಡೆಯ ಲುತ್ಫ್ ಅಲಿ ಬೇಗನು ರಾತ್ರಿ ಏಣಿ ಹಾಕಿ ಕೋಟೆಯನ್ನು ಮರಳಿ ಪಡೆದನು. ಕೆಲವು ತಿಂಗಳ ಸೆಣಸಾಟದ ಬಳಿಕ ಒಪ್ಪಂದವಾಯಿತು. ಮೊತ್ತ 32 ಲಕ್ಷ ರೂಪಾಯಿ. ಅರ್ಧದಷ್ಟನ್ನು ಕೂಡಲೇ ಸಲ್ಲಿಸಿ, ಉಳಿದರ್ಧಕ್ಕೆ ಸಾಹುಕಾರರು ನಿಂತರು. ಆದರೆ ಅವರು ನಂಬಿದ್ದು ರಾಜ್ಯವನ್ನಲ್ಲ, ಹೈದರನನ್ನು. ಆತನ ಹೊಣೆಯ ಮೇಲೆಯೇ ಸಾಲ ಹುಟ್ಟಿತು. ಅದನ್ನು ತೀರಿಸಲೆಂದು, ಮರಾಠರು ಬಿಟ್ಟುಕೊಟ್ಟ ಸೀಮೆಗಳ ಕಂದಾಯವೂ ಆತನ ಕೈಸೇರಿತು. ‘ಫತೇ ಹೈದರ್ ಬಹಾದೂರ್’ ಎಂಬ ಬಿರುದಿಗಿಂತ ಆ ಹೊಣೆಪತ್ರವೇ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ.

ಮುಂದೆ ಸಂಬಳಕ್ಕಾಗಿ ಸೈನಿಕರು ಧರಣಿ ಕೂತದ್ದು ನಂಜರಾಜಯ್ಯನ ಬಾಗಿಲಿನಲ್ಲಿ. ಆ ಧರಣಿಯ ಹಿಂದೆ ಹೈದರನೇ ಇದ್ದನೆಂಬುದರಲ್ಲಿ ಸಂದೇಹಕ್ಕೆಡೆಯಿಲ್ಲ. ಸರ್ವಾಧಿಕಾರಿ ಅಧಿಕಾರ ತೊರೆದನು.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳಿಗೊಂದು ಮಾತು. ಹಾಲಾಸ್ಯ ಮಾಹಾತ್ಮ್ಯ, ಕಕುದ್ಗಿರಿ ಮಾಹಾತ್ಮ್ಯಗಳ ಕರ್ತೃ, ನರಸಿಂಹಕವಿಯ ನಂಜರಾಜಯಶೋಭೂಷಣದ ನಾಯಕ ಈ ನಂಜರಾಜಯ್ಯನೇ. ಒಂದು ತರಗತಿಯಲ್ಲಿ ನಾವು ಅವನನ್ನು ಗ್ರಂಥಕರ್ತನೆಂದು ಓದುತ್ತೇವೆ, ಇನ್ನೊಂದರಲ್ಲಿ ಸೋತ ಮಂತ್ರಿಯೆಂದು. ಇಬ್ಬರೂ ಒಬ್ಬನೇ ಎಂಬುದು ನೆನಪಿಗೆ ಬರುವುದೇ ಅಪರೂಪ. ಅಕ್ಷರಬಾರದ ಹೈದರನ ಮುಂದೆ ಸೋತವನು ಒಬ್ಬ ವಿದ್ವಾಂಸ. ಯಶೋಭೂಷಣದ ಅಲಂಕಾರೋದಾಹರಣೆಗಳಲ್ಲಿ ಮೆರೆಯುವ ನಾಯಕನನ್ನೂ ಬಾಗಿಲಲ್ಲಿ ಸಾಲಗಾರರನ್ನು ಕಂಡ ಮನುಷ್ಯನನ್ನೂ ಎದುರುಬದುರು ಇಟ್ಟು ನೋಡುವ ಅಧ್ಯಯನ ಆಗಲೇಬೇಕು.

1760ರ ಆಗಸ್ಟಿನಲ್ಲಿ ಹೈದರನ ಲೆಕ್ಕಪತ್ರಗಳನ್ನೆಲ್ಲ ಬಲ್ಲ ಖಂಡೇರಾಯನೇ ಅರಮನೆಯೊಡನೆ ಸೇರಿ ತಿರುಗಿಬಿದ್ದನು. ಕುಟುಂಬವನ್ನು ಬಿಟ್ಟು ಇರುಳಲ್ಲಿ ನದಿ ದಾಟಿದ ಹೈದರನು ಆನೇಕಲ್ಲಿನ ಮಾರ್ಗವಾಗಿ ಬೆಂಗಳೂರನ್ನು ಸೇರಿದನು. ಅಲ್ಲಿಯೂ ಅವನ ಕೈಹಿಡಿದದ್ದು ಸಾಹುಕಾರರ ಸಾಲವೇ. 1761ರಲ್ಲಿ ಹಿಂದಿರುಗಿದಾಗ ರಾಜ್ಯ ಅವನದಾಗಿತ್ತು.

ಫ್ರಾನ್ಸಿನ ಕ್ರಾಂತಿಯಿಂದ ಮೂಡಿಬಂದ ನೆಪೋಲಿಯನ್ 1804ರಲ್ಲಿ ಕಿರೀಟವನ್ನೇ ಧರಿಸಿದನು. ಹೈದರನು ಹಾಗೆ ಮಾಡಲಿಲ್ಲ. ಒಡೆಯರು ಸಿಂಹಾಸನದಲ್ಲೇ ಉಳಿದರು. 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ಅವನು ಹೊರಡಿಸಿದ ಚಿನ್ನದ ನಾಣ್ಯಗಳ ಒಂದು ಮುಖದಲ್ಲಿ ಇಕ್ಕೇರಿಯ ನಾಣ್ಯಗಳಲ್ಲಿದ್ದಂತೆಯೇ ಶಿವಪಾರ್ವತಿಯರಿದ್ದಾರೆ. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಒಂದೇ ಒಂದು ಪಾರಸಿ ಅಕ್ಷರವಿದೆ.