ಸಹಿ ಹಾಕುವ ಮೊದಲು

“ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ” ಎಂಬುದು ನಮ್ಮ ಹಿರಿಯರ ಮಾತು. ನಮ್ಮ ಕಾಸರಗೋಡಿನ ಮನೆಗಳಲ್ಲಿ ವಕೀಲರ ನೆನಪಾಗುವುದು ಜಾಗದ ತಕರಾರು ಬಂದಾಗ ಮಾತ್ರ. ಕಥೆ ಬರೆದವರು, ಯಕ್ಷಗಾನ ಪ್ರಸಂಗ ರಚಿಸಿದವರು ತಮ್ಮ ಕೃತಿಯ ಹಕ್ಕಿಗಾಗಿ ವಕೀಲರನ್ನು ಕಾಣುವುದು ವಿರಳ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

1957ರ ಕೃತಿಸ್ವಾಮ್ಯ ಕಾಯಿದೆಯಂತೆ ಕೃತಿಯ ಹಕ್ಕು ಸಾಮಾನ್ಯವಾಗಿ ಬರೆದವರದೇ, ನೋಂದಣಿ ಕಡ್ಡಾಯವಲ್ಲ. ಅದು ಅವರ ಜೀವಿತಕಾಲವಲ್ಲದೆ ಮರಣಾನಂತರ 60 ವರ್ಷ ಉಳಿಯುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ಕೊಡಲು ಸಹಿಯುಳ್ಳ ಲಿಖಿತ ಪತ್ರ ಬೇಕು. ಬಾಯಿಮಾತು ಸಾಲದು.

ಬರೆದಿಟ್ಟ ಪತ್ರವೂ ಸ್ಪಷ್ಟವಾಗಿರಬೇಕು. ಡಾ. ಶಿವರಾಮ ಕಾರಂತರು 1994ರಲ್ಲಿ ಉಯಿಲು ಬರೆದು, 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಸಂಸ್ಥೆಯೊಂದು ಅವರು ರೂಪಿಸಿದ ಯಕ್ಷರಂಗ ಶೈಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ದೆಹಲಿಯಲ್ಲಿ ಆಡಿತು. ಉಯಿಲಿನಂತೆ ಹಕ್ಕು ಪಡೆದವರು ಉಡುಪಿಯಲ್ಲಿ ದಾವೆ ಹೂಡಿದರು. ಆ ನೃತ್ಯರೂಪಕದ ಹಕ್ಕು ಉಯಿಲಿನಲ್ಲಿ ಅಡಕವಾಗಿದೆಯೇ ಎಂಬುದೇ ದೊಡ್ಡ ಚರ್ಚೆಯಾಯಿತು. 2009ರಲ್ಲಿ ಸುಪ್ರೀಂ ಕೋರ್ಟು ಅವರ ಹಕ್ಕನ್ನು ಎತ್ತಿಹಿಡಿಯಿತು. ಒಂದು ಸ್ಪಷ್ಟ ವಾಕ್ಯವಿದ್ದಿದ್ದರೆ ಎಷ್ಟೋ ವರ್ಷಗಳ ಅಲೆದಾಟ ತಪ್ಪುತ್ತಿತ್ತೋ ಏನೋ!

ಕಾಯಿದೆಯು ನೀಡಿರುವ ವಿನಾಯಿತಿಗಳಿಗೆ ತಡೆಯಿಲ್ಲವೆಂದೂ ಅದೇ ತೀರ್ಪು ಹೇಳಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ಶಾಲೆಯವರ ಮತ್ತು ಪೋಷಕರ ಮುಂದೆಯೇ ನಾಟಕ ಆಡಿದರೆ ತಪ್ಪಲ್ಲ. ಟಿಕೇಟಿಟ್ಟು ಊರಿಗೆಲ್ಲ ತೋರಿಸುವುದಾದರೆ ಕವಿಯ ಅನುಮತಿ ಪಡೆಯಲೇಬೇಕು.

ವಕೀಲರನ್ನು ಆರಿಸುವಾಗ ಕೃತಿಸ್ವಾಮ್ಯದ ವ್ಯವಹಾರದಲ್ಲಿ ಅನುಭವವುಳ್ಳವರೇ ಎಂದು ವಿಚಾರಿಸಬೇಕು. ಫೀಸಿನ ಮಾತನ್ನು ಮೊದಲೇ ಆಡಿಕೊಳ್ಳಬೇಕು. ತಾರೀಕು ಹಾಕಿದ ಹಸ್ತಪ್ರತಿ, ಪತ್ರ, ರಸೀದಿಗಳನ್ನು ಜೋಪಾನವಾಗಿಟ್ಟು ಅವರ ಮುಂದಿಡಬೇಕು. ಪ್ರಕಾಶಕರು ಬೆಂಗಳೂರಿನವರಾದರೂ ಹಕ್ಕುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಲು ಕಾಯಿದೆ ಅವಕಾಶ ಕೊಟ್ಟಿದೆ. ಸ್ತ್ರೀಯರೂ ಬಡವರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಕೇಳಬಹುದು.

ಆದರೆ ವಕೀಲರನ್ನು ಕಾಣಲು ಅತ್ಯುತ್ತಮ ಸಮಯ ಜಗಳದ ಮರುದಿನವಲ್ಲ, ಸಹಿಯ ಹಿಂದಿನ ದಿನ. ಸಲಹೆ ಕೇಳುವುದು ಸ್ನೇಹಕ್ಕೆ ಅವಮಾನವೆಂದು ಕೆಲವರು ಅಳುಕುತ್ತಾರೆ. ನಮಗೆ ತೋರುವಂತೆ ಸ್ನೇಹ ಕೆಡಿಸುವುದು ಕಾಗದವಲ್ಲ, ಕಾಗದವಿಲ್ಲದಿರುವುದು. ವಿದ್ಯಾರ್ಥಿ ಮಿತ್ರರೇ, ಇಂದು ಈ ಸಂಚಿಕೆಗೆ ಕವಿತೆ ಬರೆದ ಕೈ ನಾಳೆ ಪುಸ್ತಕ ಬರೆದೀತು. ಆ ಕೈ ಸಹಿ ಹಾಕುವ ಮೊದಲು ಓದಲು ಕಲಿಯಲಿ. ಅರ್ಥವಾಗದಿದ್ದರೆ ತಿಳಿದವರನ್ನು ಕೇಳಲಿ.