ಚಂದ್ರನ ದಾರಿ ಮರೆತುಹೋಗುತ್ತದೆಯೇ?

ಮಕ್ಕಳೇ,

ಕಳೆದ ಭಾನುವಾರ ಬೆಳಿಗ್ಗೆ ಪೇಪರ್ ಓದುತ್ತಾ ಕುಳಿತಿದ್ದೆ. ಆರನೇ ಕ್ಲಾಸಿನ ಮೊಮ್ಮಗ ಪುಟ್ಟ ಬಂದು ಪಕ್ಕದಲ್ಲಿ ನಿಂತ. ಮುಖ ನೋಡಿದರೆ ಜಗಳಕ್ಕೆ ಬಂದವನ ಹಾಗಿದ್ದ.

“ತಾತ, ಚಂದ್ರನ ಮೇಲೆ ಮನುಷ್ಯ ಇಳಿದಿದ್ದು ಸುಳ್ಳಂತೆ. ನಮ್ಮ ಕ್ಲಾಸಲ್ಲಿ ಎಲ್ಲರೂ ಹೇಳ್ತಾರೆ.”

“ಯಾಕಪ್ಪ ಸುಳ್ಳು?”

“ಮತ್ತೆ 1969ರಲ್ಲೇ ಇಳಿದಿದ್ರೆ, 1972ರಿಂದ ಈಚೆಗೆ ಯಾಕೆ ಯಾರೂ ಇಳಿದಿಲ್ಲ? ಆಗ ಕಂಪ್ಯೂಟರ್ ಕೂಡ ಸರಿಯಾಗಿರ್ಲಿಲ್ಲ. ಈಗ ಎಲ್ಲಾ ಇದೆ. ಒಂದ್ಸಲ ಕಲಿತಿದ್ದು ಮರೆತುಹೋಗುತ್ತಾ?”

ಪ್ರಶ್ನೆಯ ಮೊದಲ ಭಾಗ ಸುಲಭದ್ದು. 1969ರ ಜುಲೈನಲ್ಲಿ ನಾನು ಹೆಚ್ಚುಕಡಿಮೆ ಪುಟ್ಟನ ವಯಸ್ಸಿನವನು. ಪಕ್ಕದ ಮನೆಯ ರೇಡಿಯೊದ ಮುಂದೆ ಕುಳಿತು ಆ ಸುದ್ದಿ ಕೇಳಿದ್ದೆ. 1972ರ ಡಿಸೆಂಬರಿನೊಳಗೆ ಆರು ಸಲ, ಒಟ್ಟು 12 ಜನ ಅಲ್ಲಿ ನಡೆದಾಡಿ ಬಂದರು. ಅವರು ತಂದ 382 ಕಿಲೋ ಕಲ್ಲು ಮಣ್ಣನ್ನು ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಅಲ್ಲಿ ಇಟ್ಟು ಬಂದ ಕನ್ನಡಿಗಳಿಗೆ ಇಲ್ಲಿಂದ ಲೇಸರ್ ಬೆಳಕು ಬಿಟ್ಟರೆ ಅದು ಈಗಲೂ ತಿರುಗಿ ಬರುತ್ತದೆ. ನಮ್ಮದೇ ಚಂದ್ರಯಾನ-2ರ ಕ್ಯಾಮೆರಾ ಅಪೊಲೊ 11 ಇಳಿದ ಜಾಗದ ಚಿತ್ರ ತೆಗೆದಿದೆ. ಸುಳ್ಳಲ್ಲ, ಪುಟ್ಟ.

ಆದರೆ ಎರಡನೇ ಭಾಗಕ್ಕೆ ನಾನು ಪೇಪರ್ ಮಡಿಸಿ ಇಡಬೇಕಾಯಿತು. ಕಲಿತಿದ್ದು ಮರೆತುಹೋಗುತ್ತದೆಯೇ? ಹೋಗುತ್ತದೆ. ನನ್ನ ಮನೆಯಲ್ಲೇ ಹೋಗಿದೆ.

ನಮ್ಮಪ್ಪ ಮಂಡ್ಯದ ಕಡೆಯ ಹಳ್ಳಿಯಲ್ಲಿ ಆಲೆಮನೆ ಇಟ್ಟಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆಯುತ್ತಿದ್ದರು. ಪಾಕ ಗಟ್ಟಿಯಾಗುತ್ತಾ ಬಂದಾಗ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಹಿಸುಕಿ, “ಇಳಿಸ್ರೋ” ಎನ್ನುತ್ತಿದ್ದರು. ಅವರು ಹೇಳಿದ ಹೊತ್ತಿಗೆ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ಕಲ್ಲಿನ ಹಾಗೆ ಕೂರುತ್ತಿತ್ತು. ನಾನು ಕಾಲೇಜಿನಲ್ಲಿದ್ದಾಗ ಇದನ್ನೆಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಬರೆದಾಯಿತಲ್ಲ, ಇನ್ನೇನು ಎಂದು ಕೆಲಸಕ್ಕೆ ಬೆಂಗಳೂರಿಗೆ ಬಂದೆ. ಅಪ್ಪ ತೀರಿಕೊಂಡು ಹತ್ತು ವರ್ಷದ ಮೇಲೆ ಆ ನೋಟ್‌ಬುಕ್ ಹಿಡಿದು ಬೆಲ್ಲ ಮಾಡಲು ಹೋದೆ. ಮೊದಲ ಸಲ ಅಚ್ಚು ಕಟ್ಟಲೇ ಇಲ್ಲ, ಜೋನಿಬೆಲ್ಲವಾಯಿತು. ಎರಡನೇ ಸಲ ಸೀದು ಕಪ್ಪಾಯಿತು. ನೋಟ್‌ಬುಕ್ಕಿನಲ್ಲಿ ಎಲ್ಲವೂ ಇತ್ತು, ಹದ ಇರಲಿಲ್ಲ. ಅದು ಅಪ್ಪನ ಬೆರಳಿನಲ್ಲಿತ್ತು.

“ರಾಕೆಟ್‌ಗೂ ಹದ ಇರುತ್ತಾ?” ಎಂದು ಪುಟ್ಟ ನಕ್ಕ.

ಇರುತ್ತದೆ. ಚಂದ್ರನತ್ತ ಮನುಷ್ಯರನ್ನು ಕರೆದೊಯ್ದ ರಾಕೆಟ್ಟಿನ ಹೆಸರು ಸ್ಯಾಟರ್ನ್ 5. ಎತ್ತರ ಸುಮಾರು 110 ಮೀಟರ್. ಅದರ ಬುಡದಲ್ಲಿ ಎಫ್-1 ಎಂಬ ಐದು ಎಂಜಿನ್‌ಗಳು. ಒಂದೊಂದೂ ಸುಮಾರು 680 ಟನ್ ಭಾರವನ್ನು ಎತ್ತುವಷ್ಟು ಬಲದ್ದು. ಐದೂ ಸೇರಿ ಎರಡೂವರೆ ನಿಮಿಷದಲ್ಲಿ ಸುಮಾರು 2,000 ಟನ್ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕವನ್ನು ಉರಿಸಿ ಮುಗಿಸುತ್ತಿದ್ದವು.

ಇಷ್ಟು ದೊಡ್ಡ ಬೆಂಕಿ ಹೇಳಿದಂತೆ ಕೇಳುವುದಿಲ್ಲ. ಮೊದಮೊದಲು ಒಳಗಿನ ಜ್ವಾಲೆ ಅತ್ತಿತ್ತ ಹೊಯ್ದಾಡಿ ಎಂಜಿನ್ನೇ ಒಡೆದುಹೋಗುತ್ತಿತ್ತು. ಎಂಜಿನಿಯರುಗಳು ಏನು ಮಾಡಿದರು ಗೊತ್ತೇ? ಉರಿಯುತ್ತಿರುವ ಎಂಜಿನ್ನಿನ ಒಳಗೇ ಸಣ್ಣ ಬಾಂಬು ಸಿಡಿಸಿ, ಜ್ವಾಲೆ ಕದಡಿದ ಮೇಲೆ ತಾನಾಗಿ ಶಾಂತವಾಗುತ್ತದೆಯೇ ಎಂದು ನೋಡಿದರು. ಇಂಧನ ಚಿಮ್ಮುವ ತಟ್ಟೆಯ ಮೇಲೆ ಲೋಹದ ತಡೆಗೋಡೆಗಳನ್ನು ಇಟ್ಟು, ರಂಧ್ರಗಳನ್ನು ಬದಲಿಸಿ, ಮತ್ತೆ ಮತ್ತೆ ಉರಿಸಿ, ವರ್ಷಗಟ್ಟಲೆ ಹೆಣಗಿ ಹದ ಹಿಡಿದರು. ಅಪೊಲೊ ಯೋಜನೆಗೆ ದುಡಿದವರು ಸುಮಾರು ನಾಲ್ಕು ಲಕ್ಷ ಜನ.

ಸ್ಯಾಟರ್ನ್ 5 ಕೊನೆಯ ಬಾರಿ ಹಾರಿದ್ದು 1973ರಲ್ಲಿ. ಅಷ್ಟು ಹೊತ್ತಿಗೆ ಪಂದ್ಯ ಗೆದ್ದಾಗಿತ್ತು, ಸರ್ಕಾರ ಹಣ ಕಡಿಮೆ ಮಾಡಿತು. ಕಾರ್ಖಾನೆಯ ಸಾಲುಗಳು ಮುಚ್ಚಿದವು. ಬೆಸುಗೆ ಹಾಕುತ್ತಿದ್ದವರು ಬೇರೆ ಕೆಲಸಕ್ಕೆ ಹೋದರು, ಆಮೇಲೆ ನಿವೃತ್ತರಾದರು. ರಾಕೆಟ್ಟಿನ ನಕ್ಷೆಗಳನ್ನು ಯಾರೋ ಎಸೆದುಬಿಟ್ಟರು ಎಂಬ ಕಥೆಯನ್ನು ನೀವೂ ಕೇಳಿರಬಹುದು. ಅದು ನಿಜವಲ್ಲ. ನಕ್ಷೆಗಳು ಮೈಕ್ರೊಫಿಲ್ಮಿನಲ್ಲಿ ಜೋಪಾನವಾಗಿವೆ.

ಸುಮಾರು ನಲವತ್ತು ವರ್ಷದ ನಂತರ ನಾಸಾದ ಮಾರ್ಷಲ್ ಕೇಂದ್ರದ ಕೆಲವು ಯುವ ಎಂಜಿನಿಯರುಗಳು, ಉಳಿದಿದ್ದ ಒಂದು ಹಳೆಯ ಎಫ್-1 ಎಂಜಿನ್ನನ್ನು ಬಿಚ್ಚಿದರು. ಅದು ಹಾರುವಾಗ ಇವರಲ್ಲಿ ಹಲವರು ಹುಟ್ಟಿಯೂ ಇರಲಿಲ್ಲ. ಬಿಚ್ಚಿದಾಗ ಗೊತ್ತಾಯಿತು: ಒಂದೊಂದು ಎಂಜಿನ್ನೂ ಕೈಯಲ್ಲಿ ಮಾಡಿದ್ದು. ಭಾಗ ಕೂರದಿದ್ದಾಗ ಕೆಲಸಗಾರ ಅಲ್ಲೇ ಸ್ವಲ್ಪ ಉಜ್ಜಿ, ಸ್ವಲ್ಪ ಬೆಸೆದು ಸರಿಮಾಡಿದ್ದ. ಅಂಥ ಎಷ್ಟೋ ಸಂಗತಿಗಳು ನಕ್ಷೆಗೆ ಏರಿರಲೇ ಇಲ್ಲ. ಅವರು ಪ್ರತಿ ಭಾಗವನ್ನೂ ಸ್ಕ್ಯಾನ್ ಮಾಡಿ, ಅರ್ಥ ಮಾಡಿಕೊಂಡು, 2013ರ ಜನವರಿಯಲ್ಲಿ ಎಂಜಿನ್ನಿನ ಒಂದು ಭಾಗವನ್ನು ಮತ್ತೆ ಉರಿಸಿದರು. ನನ್ನ ನೋಟ್‌ಬುಕ್ಕಿಗೂ ಅವರ ಮೈಕ್ರೊಫಿಲ್ಮಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಆದರೆ ಅವರ ಎದುರಿಗೆ ಹಳೆಯ ಎಂಜಿನ್ ಇತ್ತು, ನನ್ನೆದುರಿಗೆ ಅಪ್ಪ ಇರಲಿಲ್ಲ.

ಕೈಬಿಟ್ಟ ಕೆಲಸ ಎಷ್ಟು ಬೇಗ ಕೈತಪ್ಪುತ್ತದೆ ಎನ್ನುವುದಕ್ಕೆ ಇನ್ನೊಂದು ಉದಾಹರಣೆ. ಸೂರ್ಯನಿಂದ ದೂರ ಹೋಗುವ ವಾಯೇಜರ್‌ನಂಥ ನೌಕೆಗಳಿಗೆ ಪ್ಲುಟೋನಿಯಂ-238 ಎಂಬ ವಸ್ತುವಿನ ಶಾಖದಿಂದ ವಿದ್ಯುತ್ ಸಿಗುತ್ತದೆ. ಅಮೆರಿಕ 1988ರಲ್ಲಿ ಅದರ ತಯಾರಿಕೆ ನಿಲ್ಲಿಸಿತು. ಮತ್ತೆ ಬೇಕೆಂದು ಶುರುಮಾಡಿ, 2015ರಲ್ಲಿ ಮೊದಲು ಕೈಗೆ ಬಂದದ್ದು ಬರೀ 50 ಗ್ರಾಂ!

ಇದು ಅವರ ಕಥೆ ಮಾತ್ರವಲ್ಲ. ಒಂದು ಕಾಲಕ್ಕೆ ದಕ್ಷಿಣ ಭಾರತದ ಉಕ್ಕು ಲೋಕಪ್ರಸಿದ್ಧ. ಡಮಾಸ್ಕಸ್ ಕತ್ತಿಗಳಿಗೆ ಅದೇ ಬೇಕಿತ್ತು. ಯುರೋಪಿನವರು ಅದನ್ನು ‘ವೂಟ್ಸ್’ ಎಂದರು. ಅದು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಬಂದಿರಬೇಕು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಬರೆದಿದ್ದಾನೆ. ನೂರು ವರ್ಷ ಕಳೆಯುವಷ್ಟರಲ್ಲಿ ಕಾರ್ಖಾನೆಯ ಅಗ್ಗದ ಉಕ್ಕಿನೆದುರು ಆ ಕುಲುಮೆಗಳು ಆರಿದವು. ಬುಕಾನನ್ ಬರೆದ ಪುಸ್ತಕ ಉಳಿಯಿತು. ಮಾಡುವ ಕೈ ಉಳಿಯಲಿಲ್ಲ.

“ಹಾಗಾದ್ರೆ ಹೋದದ್ದು ಹೋಯ್ತಾ?” ಪುಟ್ಟನ ದನಿ ಸ್ವಲ್ಪ ಇಳಿದಿತ್ತು.

ಹಾಗೇನಿಲ್ಲ. ಇಲ್ಲದ ವಿದ್ಯೆಯನ್ನೂ ಕಲಿಯಬಹುದು, ಬೆಲೆ ಕೊಡಬೇಕು ಅಷ್ಟೆ. ನಮ್ಮ ಇಸ್ರೊಗೆ ಕ್ರಯೋಜೆನಿಕ್ ಎಂಜಿನ್ ಬೇಕಿತ್ತು. ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಣ್ಣಗಿರುವ ದ್ರವ ಜಲಜನಕ ಉರಿಸುವ ಎಂಜಿನ್ ಅದು. 1991ರಲ್ಲಿ ಸೋವಿಯತ್ ಸಂಸ್ಥೆಯೊಂದರ ಜೊತೆ ಒಪ್ಪಂದವಾಯಿತು. ಆಮೇಲೆ ಅಮೆರಿಕದ ಒತ್ತಡ ಬಂದು, ರಷ್ಯಾದವರು ಎಂಜಿನ್ ಕೊಡುತ್ತೇವೆ, ಮಾಡುವ ವಿದ್ಯೆ ಕೊಡುವುದಿಲ್ಲ ಎಂದರು. ನಮ್ಮವರು ತಾವೇ ಕಲಿಯಲು ಕುಳಿತರು. 2010ರಲ್ಲಿ ಹಾರಿಸಿದ್ದು ಸಮುದ್ರಕ್ಕೆ ಬಿತ್ತು. 2014ರ ಜನವರಿ 5ರಂದು ಗೆದ್ದಿತು. ಇಪ್ಪತ್ತು ವರ್ಷದ ತಪ್ಪುಗಳೇ ಅವರ ಗುರು.

ಹಾಗಾಗಿ ಪುಟ್ಟನಿಗೆ ನಾನು ಕೊಟ್ಟ ಉತ್ತರ ಇಷ್ಟು: ವಿದ್ಯೆ ಪೆಟ್ಟಿಗೆಯಲ್ಲಿಟ್ಟ ಒಡವೆಯಲ್ಲ, ಒಲೆಯ ಕೆಂಡ. ಯಾರಾದರೂ ಊದುತ್ತಿರಬೇಕು. ಒಂದು ತಲೆಮಾರು ಊದುವುದನ್ನು ಬಿಟ್ಟರೆ ಮುಂದಿನವರು ಮತ್ತೆ ಬೆಂಕಿ ಹೊತ್ತಿಸುವುದರಿಂದಲೇ ಶುರುಮಾಡಬೇಕು. ಚಂದ್ರನಲ್ಲಿ ಮತ್ತೆ ಇಳಿಯಲು ಇಷ್ಟು ವರ್ಷ ಹಿಡಿದದ್ದು ಅದು ಸುಳ್ಳು ಎಂದಲ್ಲ, ನಡುವೆ ಊದುವುದನ್ನು ಬಿಟ್ಟದ್ದಕ್ಕೆ.

ಪುಟ್ಟ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮಪ್ಪನ ಕೊಪ್ಪರಿಗೆ ಈಗ ಎಲ್ಲಿದೆ?” ಎಂದ.

ಊರಿನ ಹಿತ್ತಲಲ್ಲಿ ಬೋರಲಾಗಿ ಬಿದ್ದಿದೆ. ಅಪ್ಪನ ಜೊತೆ ಕೊನೆಯವರೆಗೂ ಒಲೆಯ ಮುಂದೆ ನಿಂತವರು ನಮ್ಮಣ್ಣ. ಅವರಿಗೀಗ ಎಂಬತ್ತು ದಾಟಿದೆ, ಕಣ್ಣು ಮಂಜು. ಅವತ್ತು ಸಂಜೆಯೇ ಫೋನ್ ಮಾಡಿದೆ. ನಾನು ಹಿಂದೆ ಎರಡು ಸಲ ಕೆಡಿಸಿದಾಗ ಯಾಕೆ ಅವರನ್ನು ಕೇಳಲಿಲ್ಲವೋ! ತಮ್ಮ ಎಂಬ ಬಿಂಕ ಇರಬೇಕು.

“ಕಣ್ಣು ಹೋದ್ರೇನಂತೆ, ಬೆರಳು ಐತಲ್ಲ. ಹುಡುಗನ್ನ ಕರ್ಕೊಂಡು ಬಾ” ಎಂದರು.

ಈ ಸಲದ ರಜೆಗೆ ಹೋಗುತ್ತೇವೆ. ಬೆಲ್ಲ ಅಚ್ಚು ಕಟ್ಟುತ್ತದೋ ಜೋನಿಯಾಗುತ್ತದೋ, ಬಂದು ನಿಮಗೆ ಬರೆಯುತ್ತೇನೆ.

ಅಷ್ಟರಲ್ಲಿ ನಿಮಗೊಂದು ಕೆಲಸ. ನಿಮ್ಮ ಅಜ್ಜಿಗೋ ತಾತನಿಗೋ ಮಾತ್ರ ಬರುವ ಒಂದು ಕೆಲಸ ಯಾವುದೆಂದು ಕೇಳಿ. ಹಗ್ಗ ಹೊಸೆಯುವುದಿರಲಿ, ಸಂಡಿಗೆ ಇಡುವುದಿರಲಿ. ಬರೆದುಕೊಳ್ಳಿ, ಆದರೆ ಅಲ್ಲಿಗೇ ಬಿಡಬೇಡಿ. ಪಕ್ಕದಲ್ಲಿ ಕೂತು ಒಂದು ಸಲ ನಿಮ್ಮ ಕೈಯಲ್ಲಿ ಮಾಡಿ, ಕೆಡಿಸಿ, ಮತ್ತೆ ಮಾಡಿ. ಅಜ್ಜಿ ತಾತಂದಿರೇ, ಮಕ್ಕಳು ಕೆಡಿಸಿದರೆ ಬೈಯಬೇಡಿ. ಹದ ಹತ್ತುವುದು ಹಾಗೆಯೇ.